ಊರ ಗುಡಿಯ ಗೋಡೆಯನ್ನು ಓದುವವರಾರು?



ಕಳೆದ ತಿಂಗಳು ನನ್ನ ಹಳೆಯ ಶಿಷ್ಯನೊಬ್ಬನಿಂದ ಒಂದು ಮಿಂಚಂಚೆ ಬಂದಿತು. ಆತ 1991ರಲ್ಲಿ ನನ್ನ ಬಳಿ ಹತ್ತನೆಯ ತರಗತಿಯಲ್ಲಿ ಓದಿದವನು. ಬಸರಾಳು ಹೋಬಳಿಯ ಸಣ್ಣ ಹಳ್ಳಿಯೊಂದರಿಂದ ದಿನವೂ ಸೈಕಲ್ ತುಳಿದು ಶಾಲೆಗೆ ಬರುತ್ತಿದ್ದ. ಮಳೆಗಾಲದಲ್ಲಿ ಚಕ್ರಕ್ಕೆ ಮೆತ್ತಿಕೊಂಡ ಕೆಸರನ್ನು ಕಡ್ಡಿಯಿಂದ ಕೆರೆದು ತೆಗೆದು, ತಡವಾಗಿ ಬಂದು, ಬಾಗಿಲಲ್ಲಿ ತಲೆ ತಗ್ಗಿಸಿ ನಿಲ್ಲುತ್ತಿದ್ದುದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಈಗ ವಿಯೆನ್ನಾ ನಗರದಲ್ಲಿ ಒಳ್ಳೆಯ ಉದ್ಯೋಗದಲ್ಲಿದ್ದಾನೆ. ರಜೆಯಲ್ಲಿ ಹೆಂಡತಿ ಮಕ್ಕಳೊಡನೆ ಪಕ್ಕದ ಸ್ಲೊವಾಕಿಯಾ ದೇಶದ ಝೆಹ್ರಾ ಎಂಬ ಹಳ್ಳಿಗೆ ಹೋಗಿದ್ದನಂತೆ. ಅಲ್ಲಿನ ಚರ್ಚಿನ ಹದಿನಾಲ್ಕು ಛಾಯಾಚಿತ್ರಗಳನ್ನು ಕಳುಹಿಸಿ, ಕೊನೆಯಲ್ಲಿ ಹೀಗೆ ಬರೆದಿದ್ದ: “ಸರ್, ಇಷ್ಟು ಚಿಕ್ಕ ಊರಿನಲ್ಲಿ ಇಷ್ಟು ಹಳೆಯ ಕಲೆಯನ್ನು ಹೇಗೆ ಕಾಪಾಡಿಕೊಂಡಿದ್ದಾರೆ ನೋಡಿ. ನಮ್ಮ ಕಡೆ ಇಂಥದ್ದು ಒಂದಾದರೂ ಇದ್ದಿದ್ದರೆ!”

ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಹತ್ತಲಿಲ್ಲ. ಏಕೆಂದರೆ ಅವನ ಹಳ್ಳಿಯಿಂದ ಬಸರಾಳಿನ ಮಲ್ಲಿಕಾರ್ಜುನ ದೇವಾಲಯಕ್ಕೆ ಆರು ಕಿಲೋಮೀಟರಿಗಿಂತ ಹೆಚ್ಚು ದೂರವಿಲ್ಲ. ಝೆಹ್ರಾದ ಚರ್ಚು ಹದಿಮೂರನೆಯ ಶತಮಾನದ್ದು. ಬಸರಾಳಿನ ಗುಡಿಯೂ ಅದೇ ಶತಮಾನದ್ದು. ಇಮ್ಮಡಿ ವೀರನರಸಿಂಹನ ಆಳ್ವಿಕೆಯಲ್ಲಿ, 1234ರ ಸುಮಾರಿಗೆ, ಹರಿಹರ ದಣ್ಣಾಯಕನೆಂಬ ಅಧಿಕಾರಿ ಕಟ್ಟಿಸಿದ್ದು. ಸಾವಿರಾರು ಮೈಲಿ ಆಚೆ ಹೋಗಿ ಅಲ್ಲಿನ ಹಳ್ಳಿಯ ಗೋಡೆಯನ್ನು ನೋಡಿ ಬೆರಗಾದ ಹುಡುಗನಿಗೆ ಅವನ ಮನೆಯ ಬದಿಯ ಗೋಡೆಯ ಸುದ್ದಿಯೇ ತಿಳಿದಿಲ್ಲ. ಅದನ್ನು ಅವನಿಗೆ ತಿಳಿಸಬೇಕಾಗಿದ್ದವನು ಯಾರು? ಚರಿತ್ರೆ ಕಲಿಸಿದ ಮೇಷ್ಟ್ರು, ಅಂದರೆ ನಾನು. ಈ ಬರಹ ಆ ತಪ್ಪೊಪ್ಪಿಗೆಯಿಂದಲೇ ಆರಂಭವಾಗುತ್ತದೆ. ಆದರೆ ಅಲ್ಲಿಗೇ ಮುಗಿಯುವುದಿಲ್ಲ. ನಿಮ್ಮೆಲ್ಲರ ಮುಂದೆ, ಅದರಲ್ಲೂ ನಮ್ಮ ಬಂಧುಗಳ ಮುಂದೆ, ಒಂದು ಮಾತನ್ನು ಇಡಬೇಕಾಗಿದೆ. ಕೊನೆಯವರೆಗೆ ಓದುವ ತಾಳ್ಮೆ ಇರಲಿ.

ಮೊದಲು ಝೆಹ್ರಾದ ವಿಷಯ. ಶಿಷ್ಯನು ಕಳುಹಿಸಿದ ಚಿತ್ರಗಳಲ್ಲಿ ಕಂಡಂತೆ ಅದೊಂದು ಬಿಳಿಯ ಗೋಡೆಯ ಸಣ್ಣ ಕಟ್ಟಡ. ಗೋಪುರದ ತುದಿ ಈರುಳ್ಳಿಯ ಆಕಾರದಲ್ಲಿದೆ. ಹೊರಗಿನಿಂದ ಆಡಂಬರವಿಲ್ಲ. ಒಳಗೆ ಕಾಲಿಟ್ಟರೆ ಗೋಡೆಯ ತುಂಬ ಚಿತ್ರಗಳು. ಹದಿಮೂರರಿಂದ ಹದಿನೈದನೆಯ ಶತಮಾನದವರೆಗೆ ಬೇರೆ ಬೇರೆ ಕಾಲದಲ್ಲಿ ಬರೆದ ಚಿತ್ರಗಳವು. ಅವುಗಳಲ್ಲಿ ಒಂದರಲ್ಲಿ ಶಿಲುಬೆಯೇ ಜೀವಂತ ಮರವಾಗಿ ಅದರ ತುದಿಗಳಿಂದ ಕೈಗಳು ಹೊರಟಿವೆ. 1993ರಲ್ಲಿ ಸಮೀಪದ ಸ್ಪಿಶ್ ಕೋಟೆಯೊಡನೆ ಈ ಚರ್ಚೂ ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿತು.

ಯೂರೋಪಿನ ಚರ್ಚುಗಳಲ್ಲಿ ಇಂತಹ ಚಿತ್ರಗಳನ್ನು ಬರೆಸಿದ್ದು ಕೇವಲ ಅಂದಕ್ಕಾಗಿ ಅಲ್ಲ. ಸುಮಾರು 600ನೆಯ ಇಸವಿಯಲ್ಲಿ ಪೋಪ್ ಗ್ರೆಗೊರಿ ಎಂಬಾತ, ಚರ್ಚಿನ ಚಿತ್ರಗಳನ್ನು ಒಡೆಸಿಹಾಕಿದ ಮಾರ್ಸೇ ಪಟ್ಟಣದ ಬಿಷಪ್ಪನೊಬ್ಬನಿಗೆ ಪತ್ರ ಬರೆದು, ಅಕ್ಷರ ಬಲ್ಲವರಿಗೆ ಗ್ರಂಥವಿದ್ದಂತೆ ಅಕ್ಷರ ಬಾರದವರಿಗೆ ಚಿತ್ರ ಎಂಬರ್ಥದ ಬುದ್ಧಿ ಹೇಳಿದ್ದನು. ಉತ್ತವರು, ದನ ಕಾದವರು ಗೋಡೆಯನ್ನು ನೋಡಿಯೇ ತಮ್ಮ ಕಥೆಗಳನ್ನು ಕಲಿತರು. ಮುಂದೆ ಮತಸುಧಾರಣೆಯ ಕಾಲ ಬಂದಾಗ ಅನೇಕ ಚರ್ಚುಗಳ ಚಿತ್ರಗಳ ಮೇಲೆ ಸುಣ್ಣ ಬಳಿದರು. ಶತಮಾನಗಳ ನಂತರ ಎಷ್ಟೋ ಕಡೆ ಆ ಸುಣ್ಣವನ್ನು ಚೂರುಚೂರಾಗಿ ಎಬ್ಬಿಸಿ ಕೆಳಗಿನ ಬಣ್ಣವನ್ನು ಮತ್ತೆ ಬೆಳಕಿಗೆ ತಂದರು. ಬಳಿದವರೂ ಅವರೇ, ತೆಗೆದವರೂ ಅವರೇ. ಈ ಸುಣ್ಣದ ಮಾತನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈಗ ನನ್ನ ಕಥೆ. ಮೂವತ್ತೈದು ವರ್ಷಗಳ ಕಾಲ ‘ಹೊಯ್ಸಳರ ವಾಸ್ತುಶಿಲ್ಪದ ಲಕ್ಷಣಗಳನ್ನು ವಿವರಿಸಿ’ ಎಂಬ ಪ್ರಶ್ನೆಗೆ ಉತ್ತರ ಬರೆಸಿದವನು ನಾನು. ನಕ್ಷತ್ರಾಕಾರದ ಜಗತಿ, ಬಳಪದ ಕಲ್ಲು, ಕಡೆದ ಕಂಬಗಳು, ಉದಾಹರಣೆಗೆ ಬೇಲೂರು, ಹಳೇಬೀಡು, ಸೋಮನಾಥಪುರ. ಇದನ್ನು ನಿಮ್ಮಲ್ಲಿ ಎಷ್ಟೋ ಜನ ನಿದ್ದೆಗಣ್ಣಿನಲ್ಲೂ ಹೇಳಬಲ್ಲಿರಿ. 1991ರ ಶೈಕ್ಷಣಿಕ ಪ್ರವಾಸ ನೆನಪಿದೆಯೇ? ಬೆಳಗಿನ ಜಾವ ನಾಲ್ಕು ಗಂಟೆಗೆ ಬಸ್ಸು ಹೊರಟಿತು. ಮನೆಗಳಿಂದ ಕಟ್ಟಿ ತಂದ ಚಿತ್ರಾನ್ನ, ಚಟ್ನಿಪುಡಿಯ ಪರಿಮಳ ಬಸ್ಸಿನ ತುಂಬ. ನಾಗಮಂಗಲದ ದಾರಿ ಹಿಡಿದ ಬಸ್ಸು ಬಸರಾಳಿನ ಮೇಲೆಯೇ ಹಾದುಹೋಯಿತು. ಇನ್ನೂ ಕತ್ತಲು, ನೀವೆಲ್ಲ ಅಂತ್ಯಾಕ್ಷರಿ ಹಾಡುತ್ತಿದ್ದಿರಿ, ನಾನು ಮುಂದಿನ ಸೀಟಿನಲ್ಲಿ ತೂಕಡಿಸುತ್ತಿದ್ದೆ. ಹೊಯ್ಸಳರ ಗುಡಿಯನ್ನು ನೋಡಲು ಹೊರಟ ನಾವು ಹೊಯ್ಸಳರ ಗುಡಿಯೊಂದನ್ನು ಹಿಂದೆ ಬಿಟ್ಟು ಹೋಗಿದ್ದೆವು. ‘ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ಊರೆಲ್ಲ ತುಪ್ಪಕ್ಕೆ ಅಲೆದರು’ ಎಂಬ ಗಾದೆಯನ್ನು ವಿಸ್ತರಿಸಿ ಬರೆಯಲು ನಿಮಗೆ ಎಷ್ಟು ಸಲ ಕೊಟ್ಟಿದ್ದೇನೋ! ಅದು ನನಗೇ ಅನ್ವಯಿಸುತ್ತದೆಂದು ಹೊಳೆದಿರಲಿಲ್ಲ.

ಬಸರಾಳಿನ ದೇವಾಲಯವನ್ನು ನಾನು ಮೊದಲು ನೋಡಿದ್ದು 1994ರಲ್ಲಿ. ಅದೂ ನನ್ನ ಆಸಕ್ತಿಯಿಂದಲ್ಲ, ಸರ್ಕಾರದ ಆದೇಶದಿಂದ. ವಿಧಾನಸಭಾ ಚುನಾವಣೆಯ ಕೆಲಸಕ್ಕೆ ಆ ಕಡೆಯ ಮತಗಟ್ಟೆಗೆ ನನ್ನನ್ನು ಹಾಕಿದ್ದರು. ಹಿಂದಿನ ದಿನ ಮಧ್ಯಾಹ್ನವೇ ಮತಪೆಟ್ಟಿಗೆಗಳೊಡನೆ ಹೋಗಿ ಇಳಿದೆವು. ಕಾಗದಪತ್ರಗಳನ್ನೆಲ್ಲ ಹೊಂದಿಸಿಟ್ಟ ಮೇಲೆ ಸಂಜೆಯ ವೇಳೆಗೆ ಸ್ವಲ್ಪ ಬಿಡುವಾಯಿತು. ಜೊತೆಯವರು ಇಸ್ಪೀಟು ಹಾಕಿ ಕುಳಿತರು. ಎಲೆಯಾಟ ಬಾರದ ನಾನು ಹಾಗೇ ತಿರುಗಾಡುತ್ತ ಗುಡಿಯ ಬಳಿಗೆ ಬಂದೆ.

ಬಾಗಿಲಲ್ಲಿ ಪುರಾತತ್ವ ಇಲಾಖೆಯ ನೀಲಿ ಫಲಕವಿತ್ತು. ಅಭ್ಯಾಸಬಲದಿಂದ ಮೊದಲು ಅದನ್ನು ಓದಿದೆ. ಹಾನಿ ಮಾಡಿದರೆ ಏನು ಶಿಕ್ಷೆ ಎಂಬುದನ್ನು ತಿಳಿದುಕೊಂಡೆ. ಆಮೇಲೆ ಗೋಡೆಯ ಮುಂದೆ ನಿಂತೆ. ಪಾಠದಲ್ಲಿ ಬರೆಸಿದ್ದ ‘ಸೂಕ್ಷ್ಮ ಕೆತ್ತನೆ’ ಎಂಬ ಎರಡು ಪದಗಳ ಹೊರತು ನನಗೆ ಏನೂ ತೋಚಲಿಲ್ಲ. ಆಗ ಹಿಂದಿನಿಂದ ಒಂದು ದನಿ: “ಅಲ್ಲೇನ್ ನೋಡೀರಿ ಮೇಷ್ಟ್ರೇ, ಈ ಕಡೀಕ್ ಬನ್ನಿ.” ನಾನು ಮೇಷ್ಟ್ರೆಂದು ಅವರಿಗೆ ಹೇಗೆ ತಿಳಿಯಿತೋ ಕಾಣೆ. ಎಪ್ಪತ್ತರ ಆಚೆಯ ವಯಸ್ಸು, ಹೆಗಲ ಮೇಲೆ ಚೌಕದ ಟವೆಲು, ಕೈಯಲ್ಲಿ ಹಸುವಿನ ಹಗ್ಗ. ಹಸುವನ್ನು ಹೊರಗೆ ಕಟ್ಟಿ ಬಂದಿದ್ದರು.

ನನ್ನನ್ನು ಒಂದು ಶಿಲ್ಪದ ಎದುರು ನಿಲ್ಲಿಸಿ ಹೇಳಿದರು: “ಇವ್ನು ಅರ್ಜುನ ಕನ್ರೀ. ಮೀನು ಹೊಡೀತಾವ್ನೆ. ಮ್ಯಾಕ್ ನೋಡಂಗಿಲ್ಲ, ನೀರ್ನಲ್ಲಿ ನೆಳ್ಳು ನೋಡ್ಕಂಡೇ ಹೊಡೀಬೇಕು. ಇತ್ಲಾಗ್ ನೋಡಿ, ದ್ರೌಪದಮ್ಮ. ಹೂವಿನ್ ಹಾರ ಹಿಡ್ಕಂಡು ಓಡ್ಬತ್ತಾವ್ಳೆ. ಬಾಣ ಇನ್ನೂ ತಾಗಿಲ್ಲ, ಅಷ್ಟರಾಗೇ ಹೊಂಟ್ಬಿಟ್ಟವ್ಳೆ!” ಎಂದು ಬೊಚ್ಚುಬಾಯಲ್ಲಿ ನಕ್ಕರು. ಮತ್ಸ್ಯಯಂತ್ರ ಭೇದನವನ್ನು ನಾನೂ ಓದಿದ್ದೆ, ಪಾಠ ಮಾಡಿದ್ದೆ. ಆದರೆ ಶಿಲ್ಪಿಯು ಆಯ್ದುಕೊಂಡ ಆ ಗಳಿಗೆಯನ್ನು, ಹೆಣ್ಣಿನ ಆ ಆತುರವನ್ನು ಕಾಣಿಸಿದವರು ಆ ಅಜ್ಜ. ಹಂಪೆಯ ವಿರೂಪಾಕ್ಷ ದೇವಾಲಯದ ರಂಗಮಂಟಪದ ಚಾವಣಿಯಲ್ಲಿ ಇದೇ ಪ್ರಸಂಗವನ್ನು ಬಣ್ಣದಲ್ಲಿ ಬರೆದಿದ್ದಾರೆ. ಅದನ್ನು ನೋಡಿದಾಗಲೆಲ್ಲ ನನಗೆ ಬಸರಾಳಿನ ಅಜ್ಜನ ನಗು ನೆನಪಾಗುತ್ತದೆ.

“ತಮಗೆ ಇದೆಲ್ಲ ಯಾರು ಹೇಳಿಕೊಟ್ಟರು?” ಎಂದು ಕೇಳಿದೆ. ಚಿಕ್ಕವರಿದ್ದಾಗ ಅವರ ತಂದೆ ಹೇಳಿದ್ದರಂತೆ. ಮುಂದೆ ಊರಿನ ‘ಕುರುಕ್ಷೇತ್ರ’ ನಾಟಕದಲ್ಲಿ ಇವರು ಮೂರು ಸಲ ಶಕುನಿಯ ಪಾತ್ರ ಮಾಡಿದ್ದರು. ಹಾರ್ಮೋನಿಯಂ ಮೇಷ್ಟ್ರು ಹೇಳಿಕೊಟ್ಟ ಕಂದಪದ್ಯಗಳೆಲ್ಲ ಕಂಠಪಾಠ. ಆದರೆ ಮರುದಿನ ಮತಗಟ್ಟೆಗೆ ಬಂದ ಅವರು, ಮತಪತ್ರ ಪಡೆಯುವಾಗ ನನ್ನ ಮುಂದೆಯೇ ಹೆಬ್ಬೆಟ್ಟು ಒತ್ತಿದರು. ಅವರ ಹಿಂದೆ ನಿಂತಿದ್ದ ಮೊಮ್ಮಗ ಸರಸರನೆ ಸಹಿ ಮಾಡಿದ. ಕೆಲಸದ ನಡುವೆ ಅವನನ್ನು ಕೇಳಿದೆ: “ಗುಡಿಯ ಗೋಡೆಯ ಮೇಲೆ ಅರ್ಜುನ ಇದ್ದಾನಂತಲ್ಲ, ನೋಡಿದ್ದೀಯಾ?” ಅವನು, “ಏನೋ ಗೊಂಬೆಗಳವೆ ಸಾರ್” ಎಂದ.

ಬಂಧುಗಳೇ, ನನ್ನ ವೃತ್ತಿಯ ಬಗ್ಗೆ ನನಗೆ ಹೆಮ್ಮೆಯಿದೆ. ಆ ಮೊಮ್ಮಗನಿಗೆ ಅಕ್ಷರ ಕಲಿಸಿದ ಮೇಷ್ಟ್ರುಗಳ ಸಾಲಿನಲ್ಲಿ ನಾನೂ ಒಬ್ಬ. ಅಕ್ಷರ ಬೇಡವಿತ್ತೆಂದು ಹೇಳುವಷ್ಟು ಅವಿವೇಕಿ ನಾನಲ್ಲ. ಆದರೆ ಅಕ್ಷರ ಕಲಿಸುವ ಭರದಲ್ಲಿ, ಅಜ್ಜನಿಗೆ ತಿಳಿದಿದ್ದ ಇನ್ನೊಂದು ಓದನ್ನು ನಾವು ಓದೆಂದೇ ಪರಿಗಣಿಸಲಿಲ್ಲ. ಪರೀಕ್ಷೆಗೆ ಬಾರದ್ದು ವಿದ್ಯೆಯಲ್ಲವೆಂದು ಮಕ್ಕಳಿಗೆ ನಾವೇ ತೋರಿಸಿಕೊಟ್ಟೆವು.

ಬಸರಾಳಿನ ದೇವಾಲಯದ ವಿಷಯವನ್ನು ಇನ್ನೂ ನೋಡದವರಿಗಾಗಿ ಸ್ವಲ್ಪ ಹೇಳುತ್ತೇನೆ. ಮಂಡ್ಯದಿಂದ ನಾಗಮಂಗಲದ ಕಡೆಗೆ ಸುಮಾರು 25 ಕಿಲೋಮೀಟರು. ಮೂರು ಗರ್ಭಗುಡಿಗಳ ತ್ರಿಕೂಟವಾದರೂ ನಡುವಿನ ಮಲ್ಲಿಕಾರ್ಜುನನ ಗುಡಿಗೆ ಮಾತ್ರ ಶಿಖರವಿದೆ. ಹೊರಗೋಡೆಯ ಬುಡದಲ್ಲಿ, ಒಂದರ ಮೇಲೊಂದರಂತೆ ಆರು ಪಟ್ಟಿಕೆಗಳು: ಆನೆಗಳು, ಕುದುರೆ ಸವಾರರು, ಬಳ್ಳಿ, ಕಥಾಪ್ರಸಂಗಗಳು, ಮಕರಗಳು, ಹಂಸಗಳು. ಕಥಾಪಟ್ಟಿಕೆಯಲ್ಲಿ ರಾಮಾಯಣ, ಮಹಾಭಾರತ, ಭಾಗವತಗಳ ಪ್ರಸಂಗಗಳು ನಡೆಯುತ್ತ ಹೋಗುತ್ತವೆ. ನಾವೂ ಪ್ರದಕ್ಷಿಣೆ ಹಾಕುತ್ತ ಓದುತ್ತ ಹೋಗಬೇಕು. ಮೇಲಿನ ದೊಡ್ಡ ಶಿಲ್ಪಗಳಲ್ಲಿ ಅಂಧಕಾಸುರನ ತಲೆಯ ಮೇಲೆ ಕುಣಿಯುವ ಹದಿನಾರು ಕೈಗಳ ಶಿವನಿದ್ದಾನೆ, ಇಪ್ಪತ್ತೆರಡು ಕೈಗಳ ದುರ್ಗೆಯಿದ್ದಾಳೆ, ಕೈಲಾಸವನ್ನು ಎತ್ತಲು ಹೊರಟ ರಾವಣನಿದ್ದಾನೆ. ಎಲ್ಲರೂ ಹೊಗಳುವ ಸೋಮನಾಥಪುರದ ಕೇಶವ ದೇವಾಲಯವನ್ನು ಕಟ್ಟಿದ್ದು ಇದರ ನಂತರ. ಬಸರಾಳು ಅದಕ್ಕಿಂತ ಹಿರಿಯದು.

ಇನ್ನೊಂದು ಸಂಗತಿ. ಈ ಗುಡಿಗಳನ್ನು ಕಡೆದ ಕಲ್ಲು ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೆತ್ತಗಿರುತ್ತದೆ, ಗಾಳಿಗೆ ಒಡ್ಡಿಕೊಂಡಂತೆ ಗಟ್ಟಿಯಾಗುತ್ತದೆ. ಆದ್ದರಿಂದಲೇ ಕೈಬೆರಳಿನ ಉಂಗುರವನ್ನೂ ಕೊರಳಿನ ಸರದ ಮಣಿಯನ್ನೂ ಕಡೆಯಲು ಸಾಧ್ಯವಾಯಿತು. ನಾವೆಲ್ಲ ಸ್ಲೇಟಿನ ಮೇಲೆ ‘ಅ ಆ ಇ ಈ’ ತಿದ್ದಿದ ಬಳಪವೂ ಇದೇ ಜಾತಿಯ ಕಲ್ಲಿನ ತುಂಡು. ಇದನ್ನು ತರಗತಿಯಲ್ಲಿ ಹೇಳಿದ್ದರೆ ಒಂದನೆಯ ತರಗತಿಯ ಮಗುವಿಗೂ ಹೊಯ್ಸಳರು ಹತ್ತಿರದವರಾಗುತ್ತಿದ್ದರು.

1994ರ ನಂತರವಾದರೂ ನಾನು ತಿದ್ದಿಕೊಂಡೆನೇ? ಅರ್ಧಂಬರ್ಧ. ಮರುವರ್ಷ ಒಂದು ಶನಿವಾರ ಒಂಬತ್ತನೆಯ ತರಗತಿಯ ಮಕ್ಕಳನ್ನು ಸರ್ಕಾರಿ ಬಸ್ಸಿನಲ್ಲೇ ಬಸರಾಳಿಗೆ ಕರೆದುಕೊಂಡು ಹೋದೆ. ‘ಪಾಠ ಮಾಡುವುದಿಲ್ಲ, ನಿಮಗೆ ಕಂಡದ್ದನ್ನು ಬರೆದುಕೊಳ್ಳಿ’ ಎಂದೆ. ಲೆಕ್ಕದಲ್ಲಿ ಸದಾ ಹಿಂದೆ ಬೀಳುತ್ತಿದ್ದ ಒಬ್ಬ ಹುಡುಗಿ ದುರ್ಗೆಯ ಮುಂದೆ ನಿಂತು ಕೈಗಳನ್ನು ಮೂರು ಸಲ ಎಣಿಸಿ, ಮೂರನೆಯ ಸಲಕ್ಕೆ ಇಪ್ಪತ್ತೆರಡು ಎಂದು ಕೂಗಿದಳು. ಕುಂಬಾರರ ಮನೆಯ ಹುಡುಗನೊಬ್ಬ ಕಂಬಗಳನ್ನು ಸವರಿ ನೋಡಿ, “ಇವನ್ನು ಚಕ್ರದ ಮೇಲೆ ತಿರುಗಿಸಿ ಮಾಡಿದ್ದಾರೆ ಸಾರ್” ಎಂದ. ನಾನು ವರ್ಷಗಟ್ಟಲೆ ‘ಕಡೆದ ಕಂಬಗಳು’ ಎಂದು ಬರೆಸಿದ್ದೆ. ಕಡೆಯುವುದೆಂದರೆ ತಿರುಗಿಸಿ ಕಡೆಯುವುದು ಎಂಬುದು ಆ ಹುಡುಗನ ಅಂಗೈಗೆ ತಾನಾಗಿ ತಿಳಿಯಿತು. ಅಂದು ಅವರು ಕಲಿತಷ್ಟನ್ನು ನಾನು ಕಪ್ಪುಹಲಗೆಯ ಮುಂದೆ ಎಂದೂ ಕಲಿಸಿದ್ದಿಲ್ಲ. ಆದರೂ ಮತ್ತೆ ಕರೆದೊಯ್ಯಲಿಲ್ಲ. ಅನುಮತಿ ಪತ್ರ, ಬಸ್ಸಿನ ಖರ್ಚು, ಪಾಠ ಮುಗಿಸುವ ಆತುರ, ಶೇಕಡಾವಾರು ಫಲಿತಾಂಶದ ಭಯ. 2004ರಲ್ಲಿ ನಿವೃತ್ತನಾದೆ. ಒಂದೇ ಒಂದು ಶನಿವಾರ! ಇದು ನನ್ನ ಲೆಕ್ಕ.

2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳ ದೇವಾಲಯಗಳು ಯುನೆಸ್ಕೋ ಪಟ್ಟಿಗೆ ಸೇರಿದವು. ನಾವೆಲ್ಲ ಸಂತೋಷಪಟ್ಟೆವು. ಸಂತೋಷಪಡಬೇಕಾದದ್ದೇ. ಆದರೆ ಪಟ್ಟಿಯ ಸ್ವಭಾವವೇ ಹಾಗೆ: ಅದರ ಒಳಗಿರುವುದು ದೊಡ್ಡದಾಗಿಯೂ ಹೊರಗುಳಿದದ್ದು ಚಿಕ್ಕದಾಗಿಯೂ ಕಾಣತೊಡಗುತ್ತದೆ. ನನ್ನ ಪಾಠದ ಉತ್ತರದಲ್ಲಿದ್ದ ಮೂರು ಹೆಸರುಗಳೇ ಪಟ್ಟಿಯಲ್ಲಿಯೂ ಇರುವುದನ್ನು ಕಂಡು ನನಗೆ ಒಳಗೊಳಗೇ ಅಳುಕಾಯಿತು. ಇನ್ನು ಮುಂದೆಯೂ ಪ್ರವಾಸದ ಬಸ್ಸುಗಳು ಕತ್ತಲಲ್ಲಿ ಬಸರಾಳನ್ನು ದಾಟಿಯೇ ಹೋಗುವುವೇನೋ.

ಬಸರಾಳಿನ ಗುಡಿ ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ. ಹಾಗಾಗಿ ಅದರ ಕಲ್ಲಿಗೆ ಅಪಾಯ ಕಡಮೆ. ಆದರೆ ರಕ್ಷಣೆಗೆ ಒಂದು ಬೆಲೆಯಿದೆ. ಅದನ್ನು ತೆರುವವರು ಹಳ್ಳಿಯವರು. 2010ರಲ್ಲಿ ತಿದ್ದುಪಡಿಯಾದ ಕಾನೂನಿನ ಪ್ರಕಾರ ಇಂತಹ ಸ್ಮಾರಕದ ಸುತ್ತ 100 ಮೀಟರಿನೊಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ. ಅದರಾಚೆಯ 200 ಮೀಟರಿನಲ್ಲಿ ಕಟ್ಟಬೇಕಾದರೆ ಅನುಮತಿ ಬೇಕು. ಸಂರಕ್ಷಿತ ಸ್ಮಾರಕವಿರುವ ಊರೊಂದರಲ್ಲಿ ನನ್ನ ಪರಿಚಿತರೊಬ್ಬರು, “ಮಗನ ಮದುವೆ ಮಾಡಿದ್ದೇನೆ, ಮೇಲೊಂದು ಕೋಣೆ ಎಬ್ಬಿಸಲಾರೆ. ಈ ಗುಡಿಯಿಂದ ನಮಗೇನು ಸಿಕ್ಕಿತು ಹೇಳಿ” ಎಂದು ಕೇಳಿದ್ದರು. ನನ್ನಲ್ಲಿ ಉತ್ತರವಿರಲಿಲ್ಲ. ಕಾನೂನನ್ನು ತೆಗೆದುಹಾಕಬೇಕೆಂದು ನಾನು ಹೇಳಲಾರೆ. ತೆಗೆದರೆ ಹತ್ತು ವರ್ಷದಲ್ಲಿ ಗುಡಿಯ ಮೇಲೆಯೇ ಮನೆಗಳು ಬಾಗುತ್ತವೆ. ಆದರೆ ಊರಿನವರಿಗೆ ಗುಡಿಯಿಂದ ಸಿಗುವುದು ‘ಕೂಡದು’ ಎಂಬ ಒಂದೇ ಮಾತಾದರೆ, ಅವರ ಮಕ್ಕಳಿಗೆ ಅದರ ಮೇಲೆ ಪ್ರೀತಿ ಹುಟ್ಟುವುದು ಹೇಗೆ? ಆ ಗೋಡೆಯ ಕಥೆ ಅವರದಾದರೆ ಮಾತ್ರ ಆ ಕಷ್ಟಕ್ಕೆ ಒಂದು ಅರ್ಥ ಬಂದೀತು.

ಇನ್ನು ಯಾರ ರಕ್ಷಣೆಯೂ ಇಲ್ಲದ ಗುಡಿಗಳ ಮಾತು. ಇದನ್ನು ಬರೆಯುವಾಗ ಕೈ ಹಿಂಜರಿಯುತ್ತದೆ. ಮಳವಳ್ಳಿ ತಾಲ್ಲೂಕಿನ ನಮ್ಮ ಮೂಲದ ಊರಿನ ದೇವರ ಗುಡಿಯನ್ನು ಬಂಧುಗಳೆಲ್ಲ ಬಲ್ಲಿರಿ. ಇಪ್ಪತ್ತು ವರ್ಷಗಳ ಹಿಂದೆ ಜೀರ್ಣೋದ್ಧಾರ ಮಾಡಿದೆವು. ಕಲ್ಲಿನ ಕಂಬಗಳಿಗೆ ನೀಲಿ, ದ್ವಾರದ ಮೇಲಿನ ಗಜಲಕ್ಷ್ಮಿಗೆ ಹಳದಿ, ಗೋಡೆಗೆ ಕೇಸರಿ, ಎಲ್ಲವೂ ಎಣ್ಣೆಬಣ್ಣ. ನಾನು ಐದು ಸಾವಿರ ರೂಪಾಯಿ ಕೊಟ್ಟೆ. ಅಮೃತಶಿಲೆಯ ಫಲಕದಲ್ಲಿ ನನ್ನ ಹೆಸರು ಮೂರನೆಯದು. ಪ್ರತಿಷ್ಠಾಪನೆಯ ದಿನ ಗುಡಿ ಮದುವೆಮನೆಯಂತೆ ಹೊಳೆಯುತ್ತಿತ್ತು; ಎಲ್ಲರೊಡನೆ ನಾನೂ ಹೊಗಳಿದೆ.

ನಮ್ಮ ತಂದೆಯವರು ತೋರಿಸುತ್ತಿದ್ದ ಶಾಸನದ ಕಲ್ಲು ಎಲ್ಲಿ ಎಂದು ಹುಡುಕಿದ್ದು ಎರಡು ವರ್ಷಗಳ ಮೇಲೆ. ಗೋಡೆಯಲ್ಲಿಯೇ ಇತ್ತು. ಅಕ್ಷರಗಳ ಗುಳಿಯಲ್ಲೆಲ್ಲ ಬಣ್ಣ ಇಳಿದು ಗಟ್ಟಿಯಾಗಿತ್ತು. ಬೆರಳಾಡಿಸಿದರೆ ಒಂದು ಅಕ್ಷರವೂ ತಿಳಿಯಲಿಲ್ಲ. ಬೇರೆ ಊರುಗಳ ಕಥೆಯೂ ಇದೇ. ಶಾಸನವಿದ್ದ ಕಲ್ಲು ಬಟ್ಟೆ ಒಗೆಯುವ ಕಲ್ಲಾಗಿದೆ, ವೀರಗಲ್ಲು ಮೋರಿಯ ಚಪ್ಪಡಿಯಾಗಿದೆ. ಯಾರಿಗೂ ಕೆಟ್ಟ ಉದ್ದೇಶವಿರಲಿಲ್ಲ. ಭಕ್ತಿಯಿಂದಲೋ ಅಜ್ಞಾನದಿಂದಲೋ ಮಾಡಿದ್ದು. ಯೂರೋಪಿನವರು ಬಳಿದದ್ದು ಸುಣ್ಣ, ಅದನ್ನು ಎಬ್ಬಿಸಬಹುದಾಗಿತ್ತು. ನಾವು ಬಳಿದ ಎಣ್ಣೆಬಣ್ಣ ಕಲ್ಲಿನ ಉಸಿರು ಕಟ್ಟಿಸುತ್ತದೆ, ಒಳಗಿನ ತೇವವನ್ನು ಹೊರಗೆ ಬಿಡುವುದಿಲ್ಲ. ಕೆರೆದು ತೆಗೆಯಹೊರಟರೆ ಕೆತ್ತನೆಯೇ ಕಿತ್ತುಬರುತ್ತದೆ.

ಈಗ ಮತ್ತೆ ವಂತಿಗೆಯ ಪಟ್ಟಿ ಸಿದ್ಧವಾಗಿದೆ. ಒಳಗೋಡೆಗಳಿಗೆ ಟೈಲ್ಸ್, ನವರಂಗಕ್ಕೆ ಗ್ರಾನೈಟ್ ನೆಲ, ಮುಂದೆ ಕಾಂಕ್ರೀಟಿನ ಕಮಾನು. ಹಿರಿಯನೆಂದು ನನ್ನ ಹೆಸರನ್ನು ಮೊದಲನೆಯದಾಗಿ ಬರೆದಿದ್ದಾರೆ. ವಿನಯದಿಂದಲೇ ಹೇಳುತ್ತೇನೆ: ಈ ಕೆಲಸಕ್ಕೆ ನಾನು ಒಂದು ರೂಪಾಯಿಯನ್ನೂ ಕೊಡುವುದಿಲ್ಲ. ಸೋರುವ ಚಾವಣಿಯ ದುರಸ್ತಿಗೆ, ಬಲ್ಲವರಿಂದ ಬಣ್ಣ ತೆಗೆಸುವುದಕ್ಕೆ, ಶಾಸನವನ್ನು ಓದಿಸುವುದಕ್ಕೆ ಆದರೆ ನನ್ನ ಮೂರು ತಿಂಗಳ ಪಿಂಚಣಿಯನ್ನು ಕೊಡುತ್ತೇನೆ. ‘ವಯಸ್ಸಾಯಿತು, ಮೇಷ್ಟ್ರಿಗೆ ದೇವರ ಮೇಲೆಯೇ ಮುನಿಸು’ ಎಂದು ಕೆಲವರು ಆಡಿಕೊಂಡದ್ದು ನನ್ನ ಕಿವಿಗೆ ಬಿದ್ದಿದೆ. ಮುನಿಸಲ್ಲ. ಎಂಟುನೂರು ವರ್ಷ ಮಳೆ ಬಿಸಿಲನ್ನು ತಡೆದುಕೊಂಡ ಕಲ್ಲು ನಮ್ಮ ಭಕ್ತಿಯನ್ನು ತಡೆದುಕೊಳ್ಳಲಾರದೆ ಹೋಗಬಾರದು ಎಂಬ ಆತಂಕ.

ಊರಿನಲ್ಲಿದ್ದರೆ ಹಾಳಾಗುತ್ತದೆ, ವಸ್ತುಸಂಗ್ರಹಾಲಯಕ್ಕೆ ಸಾಗಿಸಿಬಿಡುವುದೇ ಲೇಸು ಎನ್ನುವವರೂ ಉಂಟು. ಮದ್ದೂರು ತಾಲ್ಲೂಕಿನ ಆತಕೂರಿನ ಕಲ್ಲನ್ನು ನೆನೆಯಿರಿ. ಕ್ರಿ.ಶ. 949-50ರ ಶಾಸನವದು. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನೆಂಬ ವೀರನು ತನ್ನೊಡೆಯನಾದ ಗಂಗರ ಬೂತುಗನಿಂದ ಬೇಡಿ ಪಡೆದದ್ದು ಊರನ್ನಲ್ಲ, ಹೊನ್ನನ್ನಲ್ಲ, ಕಾಳಿ ಎಂಬ ಬೇಟೆನಾಯಿಯನ್ನು. ಆ ನಾಯಿ ಹಂದಿಯೊಡನೆ ಹೋರಾಡಿ, ಎರಡೂ ಸತ್ತವು. ಅದರ ನೆನಪಿಗೆ ಆತಕೂರಿನ ಗುಡಿಯ ಮುಂದೆ ಕಲ್ಲು ನಿಲ್ಲಿಸಿ, ಪೂಜೆಗೆಂದು ಭೂಮಿಯನ್ನೂ ಬಿಟ್ಟರು. ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಸುರಕ್ಷಿತವಾಗಿದೆ. ಸಂತೋಷ. ಆದರೆ ಮದ್ದೂರು ಸೀಮೆಯ ಎಷ್ಟು ಮಕ್ಕಳಿಗೆ ಈ ಕಥೆ ಗೊತ್ತು? ಕಲ್ಲು ಊರಿನಲ್ಲಿದ್ದು ಓದುವವರಿಲ್ಲದಿದ್ದರೂ, ಕಲ್ಲು ದೂರ ಹೋಗಿ ಕಥೆಯೂ ಅದರ ಹಿಂದೆಯೇ ಹೋದರೂ ಊರಿಗೆ ಆಗುವ ನಷ್ಟ ಒಂದೇ. ಮಾಯವಾಗುವುದು ಮೊದಲು ಕಲ್ಲಲ್ಲ, ಕಥೆ.

ಆದ್ದರಿಂದ ನನ್ನ ಅಭಿಪ್ರಾಯವಿಷ್ಟು: ಚರಿತ್ರೆಯ ಪಾಠ ಊರಿನಿಂದ ಹೊರಡಬೇಕು, ಬೇಲೂರಿನಿಂದಲ್ಲ. ಬಸರಾಳಿನ ಹೋಬಳಿಯ ಮಗು ಮೊದಲು ಬಸರಾಳನ್ನು ನೋಡಲಿ. ಮಳವಳ್ಳಿಯ ಮಗು ಮಾರೇಹಳ್ಳಿಯ ನರಸಿಂಹನ ಗುಡಿಯನ್ನು, ಮದ್ದೂರಿನ ಮಗು ಪೇಟೆಯ ಉಗ್ರನರಸಿಂಹನ ಗುಡಿಯನ್ನೂ ಅರೆತಿಪ್ಪೂರಿನ ಜೈನ ಬೆಟ್ಟವನ್ನೂ ನೋಡಲಿ. ಆಮೇಲೆ ಬೇಲೂರು ನೋಡಿದರೆ ಅದರ ದೊಡ್ಡತನ ಇನ್ನಷ್ಟು ಅರ್ಥವಾಗುತ್ತದೆ.

ಮಾಡಬಹುದಾದ ಕೆಲಸಗಳು ದೊಡ್ಡವೇನಲ್ಲ. ನನ್ನ ಶಿಷ್ಯರಲ್ಲಿ ಹನ್ನೊಂದು ಜನ ಈಗ ಶಿಕ್ಷಕರಾಗಿದ್ದೀರಿ. ವರ್ಷಕ್ಕೆ ಒಂದು ಶನಿವಾರ, ನಿಮ್ಮ ಶಾಲೆಯಿಂದ ನಡೆದೋ ಬಸ್ಸಿನಲ್ಲೋ ತಲುಪಬಹುದಾದ ಒಂದು ಹಳೆಯ ಗುಡಿಗೋ ಬಸದಿಗೋ ವೀರಗಲ್ಲಿಗೋ ಮಕ್ಕಳನ್ನು ಕರೆದೊಯ್ಯಿರಿ. ನೀವು ಕಡಮೆ ಮಾತನಾಡಿ, ಅವರು ನೋಡಲಿ. ಊರಿನ ಹಿರಿಯರೊಬ್ಬರನ್ನು ಕರೆದು ಗೋಡೆಯ ಮುಂದೆ ನಿಲ್ಲಿಸಿ, ಅವರು ಹೇಳುವುದನ್ನು ನಿಮ್ಮ ಮೊಬೈಲಿನಲ್ಲಿಯೇ ಮುದ್ರಿಸಿಕೊಳ್ಳಿ. ಬಸರಾಳಿನ ಅಜ್ಜನ ಮಾತುಗಳನ್ನು ನಾನು ಹಾಗೆ ಹಿಡಿದಿಟ್ಟುಕೊಳ್ಳಲಿಲ್ಲ. ಮತ್ತೆ ಹೋಗುವಷ್ಟರಲ್ಲಿ ಅವರು ತೀರಿಕೊಂಡಿದ್ದರು.

ಊರಿನ ಗುಡಿಯ ಸಮಿತಿಯಲ್ಲಿರುವವರು ಬಣ್ಣದ ಡಬ್ಬಿ ತರುವ ಮೊದಲು ರಾಜ್ಯದ ಪುರಾತತ್ವ ಇಲಾಖೆಯವರನ್ನೊಮ್ಮೆ ಕೇಳಿ. ಹಳೆಯ ಗುಡಿಗಳನ್ನು ಹಳೆಯ ಕ್ರಮದಲ್ಲಿಯೇ ದುರಸ್ತಿ ಮಾಡುವ ಧರ್ಮಸ್ಥಳದ ಧರ್ಮೋತ್ಥಾನ ಟ್ರಸ್ಟಿನಂತಹ ಸಂಸ್ಥೆಗಳು ನಮ್ಮಲ್ಲೇ ಇವೆ. ಬೆಂಗಳೂರಿನ ಮಿಥಿಕ್ ಸೊಸೈಟಿಯವರು ಶಾಸನದ ಕಲ್ಲುಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡಿ, ಕಣ್ಣಿಗೆ ಕಾಣದಷ್ಟು ಸವೆದ ಅಕ್ಷರಗಳನ್ನೂ ಓದುತ್ತಿದ್ದಾರೆ. ನಮ್ಮ ಊರಿನ ಕಲ್ಲನ್ನೂ ಓದಲಾದೀತೇ ಎಂದು ಕೇಳಿ ನಾನು ಪತ್ರ ಬರೆಯಲಿದ್ದೇನೆ. ಬಣ್ಣದ ಕೆಳಗೆ ಏನು ಉಳಿದಿದೆಯೋ ನೋಡೋಣ.

ವಿಯೆನ್ನಾದ ಶಿಷ್ಯನಿಗೆ ಉತ್ತರ ಬರೆದಿದ್ದೇನೆ. ‘ಮಗು, ನಮ್ಮ ಕಡೆ ಇಂಥದ್ದಿದೆ. ನಿನಗೆ ತೋರಿಸದಿದ್ದುದು ನನ್ನ ತಪ್ಪು. ಬರುವ ಬೇಸಗೆಗೆ ಊರಿಗೆ ಬಂದಾಗ ಮಕ್ಕಳನ್ನು ಕರೆದುಕೊಂಡು ಬಸರಾಳಿಗೆ ಬಾ. ನಾನೂ ಬರುತ್ತೇನೆ. ಮಂಡಿನೋವಿದೆ, ನಿಧಾನವಾಗಿ ಒಂದು ಸುತ್ತು ಹಾಕೋಣ. ಅರ್ಜುನನ ಬಾಣ ತಾಗುವ ಮೊದಲೇ ದ್ರೌಪದಿ ಏಕೆ ಹೊರಟಳೆಂದು ನಿನ್ನ ಮಗಳನ್ನು ಕೇಳೋಣ’ ಎಂದು. ಅವನು ಮರುದಿನವೇ ಉತ್ತರಿಸಿದ: “ಬರುತ್ತೇನೆ ಸರ್. ಹಳೇ ಸೈಕಲ್ಲು ಮನೆಯಲ್ಲೇ ಇದೆ.”

ನಿಮ್ಮ ಊರಿನ ಗುಡಿಯ ಗೋಡೆಯ ಮೇಲೆ ಏನಿದೆ? ನೋಡಿಕೊಂಡು ಬಂದು ನನಗೊಂದು ಸಾಲು ಬರೆಯಿರಿ. ಉತ್ತರಗಳಿಗಾಗಿ ಕಾದಿರುತ್ತೇನೆ, ಈ ಸಲ ಅಂಕವಿಲ್ಲ.

ನಿಮ್ಮ ಮೇಷ್ಟ್ರು